ಫೋನ್ ಕಂಪನಿ ಮಾರಿಬಿಟ್ರೆ ಸುಧಾರಣೆ ಆಗೋಯ್ತಾ?

ಟೆಲಿಕಾಂ ಸುಧಾರಣೆ ಅಂದ್ರೆ ಸರ್ಕಾರಿ ಕಂಪನಿನ ಖಾಸಗಿಯವ್ರಿಗೆ ಮಾರೋದು ಅಂತಲೇ ತುಂಬಾ ಜನ ಅಂದ್ಕೊಂಡಿದಾರೆ, ಕೆಲವ್ರು ಅದಕ್ಕೆ ಚಪ್ಪಾಳೆ ತಟ್ತಾರೆ ಇನ್ನು ಕೆಲವ್ರು ಬೈತಾರೆ, ಆದ್ರೆ ಬರೀ ಮಾಲೀಕ ಬದಲಾದ್ರೆ ಏನಾಗುತ್ತೆ ಅಂತ ಮೆಕ್ಸಿಕೋ ನೋಡಿ.

1990ರಲ್ಲಿ ಅಲ್ಲಿನ ಸರ್ಕಾರಿ ಫೋನ್ ಕಂಪನಿ ಟೆಲ್‌ಮೆಕ್ಸ್, ಉದ್ಯಮಿ ಕಾರ್ಲೋಸ್ ಸ್ಲಿಮ್ ಗುಂಪಿನ ಕೈಗೆ ಹೋಯ್ತು. ಸಾಲ್ದು ಅಂತ ಎಸ್‌ಟಿಡಿ ಥರದ ದೂರದ ಕರೆಗಳಿಗೆ ಕೆಲವು ವರ್ಷ ಬೇರೆ ಯಾರೂ ಕಾಲಿಡೋ ಹಾಗಿಲ್ಲ ಅನ್ನೋ ರಕ್ಷಣೆ ಬೇರೆ. ಲೈನುಗಳು ಜಾಸ್ತಿ ಆದ್ವು, ಇಲ್ಲ ಅನ್ನಲ್ಲ. ಆದ್ರೆ 2012ರಲ್ಲಿ ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳೇ ಇರೋ ಆರ್ಥಿಕ ಸಹಕಾರ ಸಂಸ್ಥೆ) ಲೆಕ್ಕ ಹಾಕಿದಾಗ, ಸರಿಯಾದ ಪೈಪೋಟಿ ಇಲ್ದೆ 2005ರಿಂದ 2009ರವರೆಗೆ ಆದ ನಷ್ಟ ವರ್ಷಕ್ಕೆ ಜಿಡಿಪಿಯ 1.8%ರಷ್ಟು! ಜನ ಜಾಸ್ತಿ ದುಡ್ಡು ಕೊಟ್ಟಿದ್ದಷ್ಟೇ ಅಲ್ಲ, ದುಬಾರಿ ಅಂತ ಫೋನು ಇಂಟರ್ನೆಟ್ಟು ಬಳಸದೇ ಬಿಟ್ಟಿದ್ದೂ ಆ ಲೆಕ್ಕದಲ್ಲಿದೆ. ಕೊನೆಗೆ ಪೈಪೋಟಿ ತರೋಕೆ 2013ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತರಬೇಕಾಯ್ತು.

ನೈಜೀರಿಯಾದಲ್ಲಿ ಹಾಗಾಗಲಿಲ್ಲ. ಅಲ್ಲಿ ಹಳೇ ಸರ್ಕಾರಿ ಕಂಪನಿ ನೈಟೆಲ್‌ನ ಮಾರೋಕೆ ಕಾಯ್ತಾ ಕೂರದೆ 2001ರಲ್ಲಿ ಜಿಎಸ್‌ಎಂ, ಅಂದ್ರೆ ಮೊಬೈಲ್ ಸೇವೆಯ ಲೈಸೆನ್ಸ್ ಹರಾಜು ಹಾಕಿ ಹೊಸಬರನ್ನ ಒಳಗೆ ಬಿಟ್ರು, ಒಂದೊಂದು ಲೈಸೆನ್ಸಿಗೆ 28.5 ಕೋಟಿ ಡಾಲರ್, ಕೆಲವೇ ವರ್ಷದಲ್ಲಿ ಫೋನು ಕೋಟಿಗಟ್ಟಲೆ ಜನರ ಕೈಗೆ ಬಂತು.

ನನ್ನ ಪ್ರಕಾರ ನಿಜವಾದ ಜಗಳ ಇರೋದು ಇಂಟರ್‌ಕನೆಕ್ಷನ್‌ನಲ್ಲಿ. ಹೊಸ ಕಂಪನಿ ಸಿಮ್ ತಗೊಂಡವ್ರು ಹಳೇ ಕಂಪನಿ ನಂಬರಿಗೂ ಕಾಲ್ ಮಾಡ್ಬೇಕಲ್ವಾ, ಆ ಕಾಲ್‌ನ ಹಳೇ ಕಂಪನಿ ತನ್ನ ನೆಟ್‌ವರ್ಕಿಗೆ ಸೇರಿಸ್ಕೋಬೇಕು, ಅದಕ್ಕೆ ಅದು ಮನಸ್ಸಿಗೆ ಬಂದಷ್ಟು ರೇಟ್ ಕೇಳಿದ್ರೆ ಅಥವಾ ಲೈನ್ ಕೊಡೋಕೆ ಸತಾಯಿಸಿದ್ರೆ ಹೊಸಬ ಬೆಳೆಯೋದೇ ಇಲ್ಲ, ಕಾಗದದಲ್ಲಿ ಎಷ್ಟು ಲೈಸೆನ್ಸ್ ಕೊಟ್ಟರೂ ಅಷ್ಟೇ. ಇಲ್ಲಿ ಗಟ್ಟಿ ನಿಯಂತ್ರಕರು ಬೇಕು, ಮಂತ್ರಿ ಫೋನ್ ಮಾಡಿದ ತಕ್ಷಣ ಬಗ್ಗೋರಲ್ಲ.

ಲಾಭ ಕಾಣಬೇಕಂದ್ರೆ ಫೋನ್ ಕಂಪನಿ ಬ್ಯಾಲೆನ್ಸ್ ಶೀಟ್ ಬಿಟ್ಟು ಹೊರಗೆ ನೋಡ್ಬೇಕು. 1997ರಿಂದ 2001ರ ನಡುವೆ ಉತ್ತರ ಕೇರಳದ ಕರಾವಳಿಗೆ ಮೊಬೈಲ್ ಬಂದಾಗ ಮೀನುಗಾರರು ಸಮುದ್ರದಿಂದ್ಲೇ ಯಾವ ದಡದಲ್ಲಿ ರೇಟ್ ಚೆನ್ನಾಗಿದೆ ಅಂತ ಕೇಳೋಕೆ ಶುರು ಮಾಡಿದ್ರು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅಧ್ಯಯನದ ಪ್ರಕಾರ ಅವ್ರ ಲಾಭ ಸರಾಸರಿ 8% ಏರಿತು, ಕೊಳ್ಳೋರಿಗೆ ಮೀನು 4% ಅಗ್ಗ ಆಯ್ತು, ಗಿರಾಕಿ ಸಿಗದೆ ಎಸೆಯೋದು ಹೆಚ್ಚುಕಮ್ಮಿ ನಿಂತೇಹೋಯ್ತು. ಇಬ್ರಿಗೂ ಲಾಭ ಆಗೋ ವ್ಯವಹಾರ ಎಷ್ಟಿದೆ ಹೇಳಿ.

ಆದ್ರೂ ಸರ್ಕಾರಗಳು ಪೈಪೋಟಿ ತರೋಕೆ ಯಾಕೆ ಹಿಂದೆಮುಂದೆ ನೋಡ್ತಾವೆ ಅಂದ್ರೆ, ಏಕಸ್ವಾಮ್ಯದ ಗ್ಯಾರಂಟಿ ಜೊತೆ ಮಾರಿದ್ರೆ ಕಂಪನಿಗೆ ಜಾಸ್ತಿ ಬೆಲೆ ಸಿಗುತ್ತೆ. ಖಜಾನೆಗೆ ಆ ವರ್ಷ ಹಬ್ಬ, ಕೊಂಡವನು ಮಾತ್ರ ಆ ದುಡ್ಡನ್ನ ಆಮೇಲೆ ವರ್ಷಗಟ್ಟಲೆ ಜನರ ಬಿಲ್ಲಲ್ಲೇ ವಸೂಲಿ ಮಾಡ್ಕೋತಾನೆ.