ಕೆಲಸ ಸರಿ, ಯಾವ ಬಲದ್ದು?

ಕೆಲಸ, ಶಕ್ತಿ, ಸಾಮರ್ಥ್ಯದ ಲೆಕ್ಕಗಳಲ್ಲಿ ಸೂತ್ರ ಮರೆತು ತಪ್ಪುವವರು ಕಡಿಮೆ. ಪ್ರಶ್ನೆಯಲ್ಲಿ ಕಂಡ ಬಲವನ್ನೂ ದೂರವನ್ನೂ ಹಿಂದೆಮುಂದೆ ನೋಡದೆ ಗುಣಿಸಿಬಿಡುವವರೇ ಹೆಚ್ಚು. ‘ಕೆಲಸ ಎಷ್ಟು?’ ಎನ್ನುವ ಮೊದಲು ‘ಯಾವ ಬಲ ಮಾಡಿದ ಕೆಲಸ?’ ಎಂದು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

10 ಕಿಲೋಗ್ರಾಂ ಚೀಲವನ್ನು ನೆಲದಿಂದ ನಿಧಾನವಾಗಿ 1.5 ಮೀಟರ್ ಎತ್ತಿ ನಿಲ್ಲಿಸಿದಿರಿ ಎನ್ನೋಣ. ಕೈ ಮಾಡಿದ ಕೆಲಸ 10 × 9.8 × 1.5, ಅಂದರೆ 147 ಜೌಲ್. ಗುರುತ್ವ ಮಾಡಿದ ಕೆಲಸ ಋಣ 147 ಜೌಲ್, ಏಕೆಂದರೆ ಬಲ ಕೆಳಕ್ಕೆ, ಚಲನೆ ಮೇಲಕ್ಕೆ. ಒಟ್ಟು ಕೆಲಸ ಸೊನ್ನೆ. ಚೀಲ ಮೊದಲೂ ನಿಂತಿತ್ತು, ಈಗಲೂ ನಿಂತಿದೆ; ಚಲನಶಕ್ತಿ ಬದಲಾಗಿಲ್ಲ; ಒಟ್ಟು ಕೆಲಸ ಆ ಬದಲಾವಣೆಗೆ ಸಮನಿರಬೇಕು, ಲೆಕ್ಕ ಕೂಡಿತು. ಕೈ ಕೊಟ್ಟ 147 ಜೌಲ್ ಪ್ರಚ್ಛನ್ನ ಶಕ್ತಿಯಾಗಿ ಉಳಿದಿದೆ. ಇನ್ನು ಅದನ್ನು ಹಾಗೇ ಹಿಡಿದು ನಿಂತರೆ ತೋಳು ಸೋಲುತ್ತದೆ, ನಿಜ. ಸ್ನಾಯುಗಳು ಒಳಗೊಳಗೇ ಶಕ್ತಿ ಖರ್ಚು ಮಾಡಿ ಶಾಖವಾಗಿಸುತ್ತಿರುತ್ತವೆ. ಆದರೆ ಚೀಲ ಕದಲದ ಮೇಲೆ ಅದರ ಮೇಲಾದ ಕೆಲಸ ಸೊನ್ನೆಯೇ.

ಕೋನ ಬಂದಾಗ ಎಡವುವುದು ಇನ್ನೂ ಹೆಚ್ಚು. ನೆಲದ ಮೇಲೆ ನಿಂತಿರುವ 20 ಕಿಲೋಗ್ರಾಂ ಪೆಟ್ಟಿಗೆಗೆ ಹಗ್ಗ ಕಟ್ಟಿ, ನೆಲಕ್ಕೆ 60 ಡಿಗ್ರಿ ಓರೆಯಾಗಿ 50 ನ್ಯೂಟನ್ ಬಲದಿಂದ 4 ಮೀಟರ್ ಎಳೆಯಿರಿ. ಘರ್ಷಣೆ 15 ನ್ಯೂಟನ್. 50 × 4 = 200 ಎಂದು ಬರೆದರೆ ಮುಂದಿನದೆಲ್ಲ ಕೆಟ್ಟಿತು. ಚಲನೆಯ ದಿಕ್ಕಿಗೆ ಸಿಗುವ ಬಲ ಮಾತ್ರ ಲೆಕ್ಕಕ್ಕೆ; 60 ಡಿಗ್ರಿಯ ಕೊಸೈನ್ 0.5, ಹಾಗಾಗಿ ಆ ಬಲ 25 ನ್ಯೂಟನ್, ಹಗ್ಗದ ಕೆಲಸ 100 ಜೌಲ್. ಘರ್ಷಣೆಯದು ಋಣ 60. ಗುರುತ್ವವೂ ನೆಲದ ಲಂಬಬಲವೂ ಚಲನೆಗೆ 90 ಡಿಗ್ರಿಯಲ್ಲಿರುವುದರಿಂದ ಅವುಗಳ ಪಾಲು ಸೊನ್ನೆ. ಉಳಿದ 40 ಜೌಲ್ ಚಲನಶಕ್ತಿ. ಅರ್ಧ × 20 × ವೇಗದ ವರ್ಗ = 40 ಎಂದರೆ ವೇಗ ಸೆಕೆಂಡಿಗೆ 2 ಮೀಟರ್.

ಇದೇ ಪೆಟ್ಟಿಗೆಯಿಂದ ಸಾಮರ್ಥ್ಯವನ್ನೂ, ಅಂದರೆ ಸೆಕೆಂಡಿಗೆ ಆಗುವ ಕೆಲಸವನ್ನೂ, ತೆಗೆಯಬಹುದು. ಮುಂದಕ್ಕೆ ಉಳಿಯುವ ಬಲ 25 − 15 = 10 ನ್ಯೂಟನ್, ವೇಗೋತ್ಕರ್ಷ 10 ÷ 20 = 0.5, ಹಿಡಿದ ಸಮಯ 2 ÷ 0.5 = 4 ಸೆಕೆಂಡು. ಹಗ್ಗದ ಸರಾಸರಿ ಸಾಮರ್ಥ್ಯ 100 ÷ 4 = 25 ವ್ಯಾಟ್. ಕೊನೆಯ ಕ್ಷಣದಲ್ಲಿ ಮಾತ್ರ 25 ನ್ಯೂಟನ್ × 2 = 50 ವ್ಯಾಟ್. ಬಲ ಬದಲಾಗಿಲ್ಲ, ವೇಗ ಏರಿದೆ, ಅದಕ್ಕೇ ದುಪ್ಪಟ್ಟು. ಪ್ರಶ್ನೆ ಸರಾಸರಿ ಕೇಳಿದೆಯೋ ಆ ಕ್ಷಣದ್ದು ಕೇಳಿದೆಯೋ ನೋಡಿಕೊಳ್ಳಿ.

ವೇಗದ ವರ್ಗವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1000 ಕಿಲೋಗ್ರಾಂ ಕಾರು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿದ್ದಾಗ ಚಲನಶಕ್ತಿ 50,000 ಜೌಲ್; 72ರಲ್ಲಿ 2,00,000. ಬ್ರೇಕಿನ ಬಲ 5000 ನ್ಯೂಟನ್ ಆದರೆ ಮೊದಲನೆಯದು 10 ಮೀಟರಿನಲ್ಲಿ ನಿಲ್ಲುತ್ತದೆ, ಎರಡನೆಯದಕ್ಕೆ 40 ಮೀಟರ್ ಬೇಕು. 72 ಅನ್ನು 3.6ರಿಂದ ಭಾಗಿಸದೆ ಹಾಗೇ ಹಾಕಿದರೆ ಉತ್ತರ ಸುಮಾರು 13 ಪಟ್ಟು ಉಬ್ಬುತ್ತದೆ.

ಕನ್ನಡದಲ್ಲಿ ಓದುವವರಿಗೆ ಇನ್ನೊಂದು ಕಾಟ: ಅಶ್ವಶಕ್ತಿ ಎಂಬುದು ಹೆಸರಿಗಷ್ಟೇ ಶಕ್ತಿ, ಅಳೆಯುವುದು ಸಾಮರ್ಥ್ಯವನ್ನು. 1 ಅಶ್ವಶಕ್ತಿ ಎಂದರೆ 746 ವ್ಯಾಟ್. ಕಿಲೋವ್ಯಾಟ್-ಗಂಟೆಯದು ತದ್ವಿರುದ್ಧ, ವ್ಯಾಟ್ ಹೆಸರು ಹೊತ್ತರೂ ಅದು ಶಕ್ತಿಯ ಮಾನ, 36 ಲಕ್ಷ ಜೌಲ್. ಮೇಲಿನ ಚೀಲವನ್ನು ಸುಮಾರು 24,500 ಸಲ ಎತ್ತುವಷ್ಟು! ‘ಗಂಟೆಗೆ ಇಷ್ಟು ಕಿಲೋವ್ಯಾಟ್’ ಎಂದು ಬರೆಯುವುದು ಶುದ್ಧ ತಪ್ಪು, ಇಲ್ಲಿ ಗುಣಾಕಾರವಿದೆ, ಭಾಗಾಕಾರವಲ್ಲ.

500 ಲೀಟರ್ ನೀರನ್ನು 12 ಮೀಟರ್ ಮೇಲಕ್ಕೆ 5 ನಿಮಿಷದಲ್ಲಿ ಏರಿಸಲು ಅರ್ಧ ಅಶ್ವಶಕ್ತಿಯ ಮೋಟಾರು ಸಾಕೇ? ನೀರಿಗೆ ಸೇರಬೇಕಾದ ಶಕ್ತಿ 500 × 9.8 × 12 = 58,800 ಜೌಲ್. 300 ಸೆಕೆಂಡಿನಿಂದ ಭಾಗಿಸಿದರೆ 196 ವ್ಯಾಟ್. ಇಲ್ಲಿಗೇ ನಿಲ್ಲಿಸಿ ‘ಧಾರಾಳ ಸಾಕು’ ಎನ್ನುವವರಿದ್ದಾರೆ. ಪಂಪಿನ ದಕ್ಷತೆ ಶೇಕಡಾ 50 ಎಂದು ಕೊಟ್ಟಿದ್ದರೆ ಮೋಟಾರು ಪಂಪಿಗೆ ಕೊಡಬೇಕಾದದ್ದು 392 ವ್ಯಾಟ್. ಅದು ಕೊಡಬಲ್ಲದ್ದು 373. ತೊಟ್ಟಿ ತುಂಬುತ್ತದೆ, ಆದರೆ ಸುಮಾರು 15 ಸೆಕೆಂಡು ತಡವಾಗಿ.