‘ನೀವು ಕ್ರಿಶ್ಚಿಯನ್ನರಲ್ವಾ, ಕ್ಷಮಿಸಿಬಿಡಿ’ ಅನ್ನುವವರಿಗೆ

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಸಲ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಓದಿ ಅನ್ನುತ್ತೇನೆ.

ಪ್ರಶ್ನೆ ಇದು. "ನೀವು ಕ್ರಿಶ್ಚಿಯನ್ನರಲ್ವಾ, ದಿನಾ ಬೈಬಲ್ ಓದ್ತೀರ, ಒಡಹುಟ್ಟಿದ ತಮ್ಮನನ್ನೇ ಕ್ಷಮಿಸೋಕೆ ಆಗಲ್ವಾ?"

ಉತ್ತರವೂ ಚಿಕ್ಕದೇ. ಕ್ಷಮಿಸಿದ್ದೇನೆ. ಆದರೆ ಬೀರುವಿನ ಬೀಗದ ಕೈ ಅವನಿಗೆ ಕೊಡುವುದಿಲ್ಲ.

ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಇಲ್ಲ. ಬೀಗದ ಕೈ ಕೊಡದಿದ್ದರೆ ಅದೆಂಥ ಕ್ಷಮೆ ಅಂತ ಮತ್ತೆ ಶುರು. ಆ ‘ಅಲ್ವಾ’ ಇದೆಯಲ್ಲ, ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಹಾಸನದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬ್ಲೌಸ್, ಚೂಡಿದಾರ್, ಫಾಲ್ಸ್, ಜಿಗ್‌ಜಾಗ್. ಮಿಷನ್ ಮೇಲಿನ ಗೋಡೆಯಲ್ಲಿ ಒಂದು ಶಿಲುಬೆ ಇದೆ. ಅದನ್ನು ನೋಡಿಯೇ ಕೆಲವರು ಧೈರ್ಯವಾಗಿ ಸಾಲ ಹೇಳುತ್ತಾರೆ. ಮೂರು ಬ್ಲೌಸ್ ಹೊಲಿಸಿಕೊಂಡು ಹೋದ ಒಬ್ಬರಿಗೆ ಆರು ತಿಂಗಳಾದ ಮೇಲೆ ಫೋನ್ ಮಾಡಿದರೆ, "ನೀವು ಒಂದು ಕೆನ್ನೆಗೆ ಹೊಡೆದ್ರೆ ಇನ್ನೊಂದು ಕೆನ್ನೆ ತೋರಿಸೋ ಜನ ಅಲ್ವಾ ಮೇಡಂ, ಇದಕ್ಕೆಲ್ಲ ಫೋನ್ ಮಾಡ್ತೀರಾ" ಅಂದರು. ನೂಲು, ಲೈನಿಂಗು, ಹುಕ್ಕು ಎಲ್ಲ ನನ್ನ ದುಡ್ಡು. ಕೆನ್ನೆಯೂ ನನ್ನದೇ.

ಇಂಥವರ ಮಾತು ಬಿಡಿ, ಮರೆತುಹೋಗುತ್ತದೆ. ಮನೆಯವರ ಮಾತು ಮರೆಯುವುದಿಲ್ಲ.

ಹೋದ ವರ್ಷ ಮೇ ತಿಂಗಳಲ್ಲಿ ನೆಂಟರ ಮಗುವಿನ ಪ್ರಥಮ ಪರಮಪ್ರಸಾದ, ಅಂದರೆ ಫಸ್ಟ್ ಕಮ್ಯುನಿಯನ್. ಪೂಜೆ ಮುಗಿಸಿ ಊಟಕ್ಕೆ ಕೂತಿದ್ದೆವು. ಎಲೆಗೆ ಆಗತಾನೇ ಬಿರಿಯಾನಿ ಬಿದ್ದಿತ್ತು. ಎದುರು ಸಾಲಿನಿಂದ ನಮ್ಮ ಸೋದರತ್ತೆ ಇಡೀ ಪಂಕ್ತಿಗೆ ಕೇಳುವ ಹಾಗೆ ಅಂದರು, "ಏನೇ, ತಮ್ಮನ್ನ ಇನ್ನೂ ಕ್ಷಮಿಸಿಲ್ವಂತೆ? ಚರ್ಚಲ್ಲಿ ನಿಂತು ವಾಚನ ಓದೋಳು ನೀನು. ಏಳೆಪ್ಪತ್ತು ಸಲ ಕ್ಷಮಿಸು ಅಂತ ಬರೆದಿಲ್ವಾ ಅದ್ರಲ್ಲಿ?" ತಮ್ಮ ಎರಡು ಎಲೆ ಆಚೆ ಕೂತಿದ್ದ. ತಲೆ ಎತ್ತಲಿಲ್ಲ. ಮೂಳೆಯಿಂದ ಮಾಂಸ ಬಿಡಿಸುತ್ತಿದ್ದ. ಎಲ್ಲರೂ ನನ್ನ ಮುಖ ನೋಡಿದರು. ಅವನನ್ನು ಒಬ್ಬರೂ ಏನೂ ಕೇಳಲಿಲ್ಲ. "ನೀನು ಅಕ್ಕನ ಹತ್ರ ಹೋಗಿ ತಪ್ಪಾಯ್ತು ಅಂದ್ಯಾ?" ಅಂತ ಒಂದು ಮಾತು ಕೇಳಿದ್ದರೆ ನಾನು ಈ ಬರಹ ಬರೆಯುತ್ತಲೇ ಇರಲಿಲ್ಲ.

ಏನಾಯಿತು ಅಂತ ಹೇಳುತ್ತೇನೆ. ನಮ್ಮಮ್ಮನದು ಶೆಟ್ಟಿಹಳ್ಳಿ. ನೀರಿನಲ್ಲಿ ನಿಂತ ಪಾಳು ಚರ್ಚಿನ ಫೋಟೊ ನೀವೆಲ್ಲ ನೋಡಿರುತ್ತೀರಿ, ಅದೇ ಊರು. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು ಅದು. ಅಮ್ಮನ ಮದುವೆ ಅಲ್ಲೇ ಆಯಿತು. ಆಮೇಲೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, 1979ಕ್ಕೆ ಕೆಲಸ ಮುಗಿಯಿತು, ಹಿನ್ನೀರಿಗೆ ಊರು ಹೋಯಿತು. ಈಗ ಮಳೆಗಾಲದಲ್ಲಿ ಚರ್ಚು ಅರ್ಧಕ್ಕರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಪೂರ್ತಿ ಕಾಣುತ್ತದೆ. ಜನ ಕಾರು ಮಾಡಿಕೊಂಡು ಬಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಅಮ್ಮ ಒಂದು ಸಲವೂ ನೋಡಲು ಹೋಗಲಿಲ್ಲ. "ಊರು ಹೋಯ್ತು, ಗುಡಿ ಹೋಯ್ತು, ಸರ ಒಂದು ಉಳೀತು" ಅನ್ನುತ್ತಿದ್ದರು. ಮದುವೆಯಲ್ಲಿ ಹಾಕಿದ ಎರಡೆಳೆ ಸರ. ಮೂವತ್ತೆರಡು ಗ್ರಾಂ. ಕೊಂಡಿಯ ಹತ್ತಿರ ಒಂದು ಕಡೆ ಸವೆದು ತೆಳ್ಳಗಾಗಿತ್ತು, ಅಲ್ಲಿಗೆ ಅಮ್ಮ ಕೆಂಪು ನೂಲು ಸುತ್ತಿದ್ದರು.

ಅಮ್ಮ ತೀರಿಕೊಂಡ ಮೇಲೆ ಸರ ನನ್ನ ಬೀರುವಿನಲ್ಲಿತ್ತು. ತಮ್ಮ ಅದನ್ನು ತೆಗೆದುಕೊಂಡು ಹೋಗಿ ಅಡವಿಟ್ಟ. ನನಗೆ ಹೇಳಲಿಲ್ಲ. ಬಡ್ಡಿ ಕಟ್ಟಲಿಲ್ಲ. ನೋಟಿಸು ಬಂದಾಗಲೂ ಹೇಳಲಿಲ್ಲ. ಸರ ಹರಾಜಾಯಿತು. ನಾನು ಬೀರು ತೆಗೆದು ನೋಡಿದಾಗ ಖಾಲಿ ಡಬ್ಬಿ ಇತ್ತು. ಡಬ್ಬಿಯನ್ನು ಮಾತ್ರ ಜಾಗಕ್ಕೆ ಸರಿಯಾಗಿ ವಾಪಸ್ ಇಟ್ಟಿದ್ದ.

ಈಗ ಅತ್ತೆಯ ಏಳೆಪ್ಪತ್ತಕ್ಕೆ ಬರೋಣ. ಅದು ಬೈಬಲಿನಲ್ಲಿ ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯ, 22ನೇ ವಚನ. ಯೇಸುಸ್ವಾಮಿಯ ಶಿಷ್ಯ ಪೇತ್ರ ಬಂದು, ತಮ್ಮನೋ ಅಣ್ಣನೋ ತಪ್ಪು ಮಾಡಿದರೆ ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕಾ ಅಂತ ಕೇಳುತ್ತಾನೆ. ಯೇಸುಸ್ವಾಮಿ ಏಳಲ್ಲ, ಏಳೆಪ್ಪತ್ತು ಅನ್ನುತ್ತಾರೆ. ಇದು ಎಲ್ಲರಿಗೂ ಗೊತ್ತು. ಅದೇ ಪುಟದಲ್ಲಿ ಅದಕ್ಕಿಂತ ಮೊದಲು, 15ನೇ ವಚನದಲ್ಲಿ, ಏನಿದೆ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಸಹೋದರ ನಿನಗೆ ತಪ್ಪು ಮಾಡಿದರೆ ಹೋಗಿ ಅವನೊಬ್ಬನೇ ಇರುವಾಗ ಅವನ ತಪ್ಪನ್ನು ಅವನಿಗೆ ಹೇಳು ಅಂತಿದೆ. ಕೇಳದಿದ್ದರೆ ಇನ್ನೂ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಮೊದಲು ತಪ್ಪನ್ನು ತಪ್ಪು ಅಂತ ಹೇಳಬೇಕು, ಅವನ ಮರ್ಯಾದೆ ಉಳಿಸಿ ಹೇಳಬೇಕು. ಲೂಕ 17:3 ಕೂಡ ಹಾಗೇ ಇದೆ. ತಪ್ಪು ಮಾಡಿದರೆ ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು. ನಾನು ತಮ್ಮನ ಮನೆಗೆ ಒಬ್ಬಳೇ ಹೋಗಿ ಹೇಳಿದೆ. ಅವನು ಎದ್ದು ಹೊರಗೆ ಹೋದ. ಇನ್ನೊಂದು ಸಲ ನಮ್ಮ ದೊಡ್ಡಪ್ಪನನ್ನು ಕರೆದುಕೊಂಡು ಹೋದೆ. ಆಗಲೂ ಅಷ್ಟೇ. ಇದನ್ನೆಲ್ಲ ಪಂಕ್ತಿಯಲ್ಲಿ ಕೂತು ಹೇಳೋಕೆ ಆಗುತ್ತಾ?

ಇನ್ನು ಆ ಕೆನ್ನೆ. ಮತ್ತಾಯ 5:39ರಲ್ಲಿ ಬಲಗೆನ್ನೆ ಅಂತಲೇ ಇದೆ. ಎದುರಿಗೆ ನಿಂತವರ ಬಲಗೆನ್ನೆಗೆ ಬಲಗೈಯಲ್ಲಿ ಹೊಡೆಯಬೇಕಾದರೆ ಮುಂಗೈ ತಿರುಗಿಸಿ ಹಿಂಗೈಯಿಂದ ಹೊಡೆಯಬೇಕು, ಅದು ಅವಮಾನದ ಏಟು ಅಂತ ನಮ್ಮ ಫಾದರ್ ಒಬ್ಬರು ಪ್ರಸಂಗದಲ್ಲಿ ಕೈ ಮಾಡಿ ತೋರಿಸಿದ್ದರು. ಅವಮಾನಕ್ಕೆ ಅವಮಾನ ಮಾಡಬೇಡ, ಹೆದರಿ ಓಡಲೂ ಬೇಡ ಅಂತ ಅರ್ಥ ಅಂದರು. ಯೇಸುಸ್ವಾಮಿಯ ಕೆನ್ನೆಗೇ ಒಬ್ಬ ಕಾವಲುಗಾರ ಹೊಡೆದಾಗ ಅವರು ಏನು ಮಾಡಿದರು? ಯೊವಾನ್ನನ ಶುಭಸಂದೇಶ 18:23. ಪ್ರತಿ ವರ್ಷ ಶುಭ ಶುಕ್ರವಾರ ಅದನ್ನು ಓದುತ್ತಾರೆ. ನಾನು ತಪ್ಪು ಮಾತಾಡಿದ್ದರೆ ಏನು ತಪ್ಪು ಅಂತ ತೋರಿಸು, ಸರಿ ಮಾತಾಡಿದ್ದರೆ ಯಾಕೆ ಹೊಡೆದೆ ಅಂತ ಕೇಳಿದರು. ಕೈ ಎತ್ತಲಿಲ್ಲ. ಆದರೆ ಯಾಕೆ ಹೊಡೆದೆ ಅಂತ ಕೇಳದೆ ಬಿಡಲಿಲ್ಲ.

ಇದನ್ನು ಇಷ್ಟು ಜೋರಾಗಿ ಹೇಳಲು ಕಾರಣ ಇದೆ. ಒಂದು ದಿನ ಒಬ್ಬಳಿಗೆ ತೋಳಿನ ಅಳತೆ ತೆಗೆಯುತ್ತಿದ್ದೆ. ಟೇಪು ಸುತ್ತಿದ ತಕ್ಷಣ ಕೈ ಎಳೆದುಕೊಂಡಳು. ತೋಳು ಪೂರ್ತಿ ಕಂದಿತ್ತು, ನಾಲ್ಕು ಬೆರಳಿನ ಗುರುತು ಬೇರೆ ಬೇರೆಯಾಗಿ ಕಾಣುತ್ತಿತ್ತು. ನಾನು ಏನೂ ಕೇಳುವ ಮೊದಲೇ ಅವಳೇ ಅಂದಳು, "ಕ್ಷಮಿಸಬೇಕಲ್ವಾ ಅಕ್ಕ. ತೋಳು ಸ್ವಲ್ಪ ಉದ್ದ ಇಡಿ." ಯಾರು ಹೇಳಿಕೊಟ್ಟರು ಅವಳಿಗೆ ಇದನ್ನು? ನಾವೇ, ಪಂಕ್ತಿಯಲ್ಲಿ ಕೂತು ವಚನ ಹೇಳುವ ನಾವೇ. ಆ ತೋಳಿನ ಮೇಲೆ ಏಳೆಪ್ಪತ್ತನ್ನು ಹೊದಿಸುವುದು ದೇವರ ಮಾತಿಗೆ ಮಾಡುವ ಅಪಚಾರ. ಕ್ಷಮಿಸು, ಆದರೆ ಮೊದಲು ಆ ಮನೆಯಿಂದ ಹೊರಗೆ ಬಾ ಅಂದೆ. ಮಹಿಳಾ ಸಹಾಯವಾಣಿ 181 ಅಂತ ಬಿಲ್ಲಿನ ಹಿಂದೆ ಬರೆದುಕೊಟ್ಟೆ. ಆವತ್ತಿನಿಂದ ಆ ನಂಬರ್ ಬರೆದ ಒಂದು ಚೀಟಿಯನ್ನು ಅಳತೆ ಪುಸ್ತಕದೊಳಗೆ ಇಟ್ಟಿರುತ್ತೇನೆ.

ನಿಜ ಹೇಳಬೇಕೆಂದರೆ, ಯಾರನ್ನು ಕ್ಷಮಿಸಿದೆ ಅಂತ ಕೇಳುವುದಕ್ಕಿಂತ, ಯಾರ ಮನೆಗೆ ಕ್ಷಮೆ ಕೇಳಲು ಹೋಗಿದ್ದೀಯ ಅಂತ ನನ್ನನ್ನು ಕೇಳಿ. ಅದನ್ನು ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ನನ್ನ ಅಂಗಡಿಯಲ್ಲಿ ಒಬ್ಬ ಹುಡುಗಿ ಕೆಲಸಕ್ಕಿದ್ದಳು. ಹುಕ್ಕು, ಕಾಜ, ಹೆಮ್ಮಿಂಗ್ ಎಲ್ಲ ಅವಳೇ. ವರ್ಷಕ್ಕೊಮ್ಮೆ ಹಾಸನಾಂಬೆ ಗುಡಿಯ ಬಾಗಿಲು ತೆರೆಯುವ ಹೊತ್ತು, ದೀಪಾವಳಿ ಬೇರೆ, ರಾತ್ರಿ ಹನ್ನೊಂದರ ತನಕ ಮಿಷನ್ ತುಳಿಯುತ್ತಿದ್ದೆವು. ಒಬ್ಬರ ರೇಷ್ಮೆ ಬ್ಲೌಸ್ ಪೀಸು ಕಾಣಲಿಲ್ಲ. ಹುಡುಕಿದೆ, ಸಿಗಲಿಲ್ಲ. ಗಿರಾಕಿ ಎದುರಿಗೆ ನಿಂತು ಕೂಗಾಡುತ್ತಿದ್ದರು. ನಾನು ಆ ಹುಡುಗಿಯ ಚೀಲ ತೆಗೆದು, ಇಬ್ಬರು ಗಿರಾಕಿಗಳ ಎದುರಿಗೇ, ಮೇಜಿನ ಮೇಲೆ ಸುರಿದೆ. ಟಿಫಿನ್ ಡಬ್ಬಿ, ಒಂದು ಬಾಚಣಿಗೆ, ಬಸ್ ಪಾಸು. ಅಷ್ಟೇ ಇದ್ದದ್ದು. ಅವಳು ಒಂದೊಂದಾಗಿ ಎತ್ತಿ ವಾಪಸ್ ಹಾಕಿಕೊಂಡು ಹೋದಳು. ಮಾರನೆಯ ದಿನ ಬರಲಿಲ್ಲ. ದೀಪಾವಳಿ ಮುಗಿದು ಅಂಗಡಿ ಗುಡಿಸುವಾಗ ಆ ಪೀಸು ಬೇರೆಯವರ ಕವರಿನಲ್ಲಿ ಸಿಕ್ಕಿತು. ಆ ಕವರಿಗೆ ಹಾಕಿದ್ದು ನಾನೇ. ಮೇಲಿದ್ದ ಹೆಸರು ನನ್ನ ಅಕ್ಷರ.

ಸಿಕ್ಕ ದಿನವೇ ಹೋಗಬೇಕಿತ್ತು. ಹೋಗಲಿಲ್ಲ. ಕೆಲಸ ಜಾಸ್ತಿ ಇದೆ ಅಂದುಕೊಂಡೆ, ಅವಳೇ ಬರಲಿ ಅಂದುಕೊಂಡೆ. ಹಾಗೇ ಡಿಸೆಂಬರ್ ಬಂತು. ಕ್ರಿಸ್ಮಸ್‌ಗೆ ಮುಂಚಿನ ಭಾನುವಾರ ಪೂಜೆಯಲ್ಲಿ ಕಾಣಿಕೆ ಚೀಲ ನನ್ನ ಸಾಲಿಗೆ ಬಂತು. ನೂರರ ನೋಟು ಮಡಿಸಿ ಕೈಯಲ್ಲಿ ಹಿಡಿದಿದ್ದೆ. ಮತ್ತಾಯ 5:23 ನೆನಪಾಯಿತು. ಕಾಣಿಕೆ ಕೊಡಲು ಬಂದಾಗ ನಿನ್ನ ಮೇಲೆ ಸಹೋದರನಿಗೆ ಏನೋ ಮನಸ್ತಾಪ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ಸರಿಮಾಡಿಕೊಂಡು ಬಾ ಅಂತ. ನಿನಗೆ ಅವನ ಮೇಲೆ ಕೋಪ ಇದ್ದರೆ ಅಂತ ಇಲ್ಲ ಅಲ್ಲಿ, ಅವನಿಗೆ ನಿನ್ನ ಮೇಲೆ ಇದ್ದರೆ ಅಂತ ಇದೆ. ಚೀಲವನ್ನು ಪಕ್ಕದವರಿಗೆ ದಾಟಿಸಿದೆ. ನೋಟು ಕೈಯಲ್ಲೇ ಇತ್ತು. ಎದ್ದು ಹೊರಗೆ ಬಂದು ಆಟೊ ಹಿಡಿದೆ.

ಅವಳು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಅವಳ ಅಮ್ಮ ಬಾಗಿಲಲ್ಲಿ ನಿಂತು ನೋಡಿದರು, ಒಳಗೆ ಬನ್ನಿ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ನಿಂತುಕೊಂಡೇ ಹೇಳಿದೆ. "ಪೀಸು ಸಿಕ್ತು ಕಣೇ. ನಾನೇ ಬೇರೆ ಕವರಿಗೆ ಹಾಕಿದ್ದೆ. ನಿನ್ನ ಚೀಲ ಸುರಿದದ್ದು ತಪ್ಪು. ಸಿಕ್ಕಿ ಇಷ್ಟು ದಿನ ಬರದೇ ಇದ್ದದ್ದು ಇನ್ನೂ ದೊಡ್ಡ ತಪ್ಪು." ಅವಳು ಅವರೆಕಾಯಿ ಬಿಡಿಸುವುದು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಆಯ್ತು ಬಿಡಿ ಅಕ್ಕ" ಅಂದಳು.

"ಹಂಗಾದ್ರೆ ನಾಳೆಯಿಂದ ಬಾ."

"ಬರಲ್ಲ ಅಕ್ಕ. ನಿಮ್ಮ ಮೇಲೆ ಕೋಪ ಇಲ್ಲ. ಆದ್ರೆ ಅಲ್ಲಿ ಕೂತ್ರೆ ದಿನಾ ಸಂಜೆ ಹೋಗೋವಾಗ ನನ್ನ ಚೀಲ ನಾನೇ ತೆಗೆದು ನಿಮಗೆ ತೋರ್ಸೋಕೆ ಶುರು ಮಾಡ್ತೀನಿ." ಆಮೇಲೆ ಇನ್ನೊಂದು ಮಾತು ಅಂದಳು. "ಆವತ್ತು ಇಬ್ರು ಇದ್ರಲ್ಲ, ಅವ್ರಿಗೂ ಹೇಳ್ಬಿಡಿ."

ಇಬ್ಬರ ಮನೆಗೂ ಹೋಗಿ ಹೇಳಿದೆ. ಒಬ್ಬರಿಗೆ ಆ ವಿಷಯವೇ ನೆನಪಿರಲಿಲ್ಲ. ಆದರೂ ಪೂರ್ತಿ ಹೇಳಿದೆ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಮೋಸ ಮಾಡಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದನಲ್ಲ, ಲೂಕ 19ರಲ್ಲಿ. ಹೋದ ಮರ್ಯಾದೆಯನ್ನು ನಾಲ್ಕರಷ್ಟು ಹೇಗೆ ವಾಪಸ್ ಕೊಡೋದು ಅಂತ ನನಗೆ ಇನ್ನೂ ತಿಳಿದಿಲ್ಲ. ಆ ಹುಡುಗಿ ಈಗ ಬೇರೆ ಕಡೆ ಕೆಲಸ ಮಾಡುತ್ತಾಳೆ. ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡಿಸುತ್ತಾಳೆ. ನಗುತ್ತಾಳೆ. ಅಂಗಡಿಯ ಮೆಟ್ಟಿಲು ಮಾತ್ರ ಹತ್ತುವುದಿಲ್ಲ. ಅವಳು ನನ್ನನ್ನು ಕ್ಷಮಿಸಿಲ್ಲ ಅಂತ ನೀವು ಹೇಳುತ್ತೀರಾ? ನಾನು ಹೇಳುವುದಿಲ್ಲ.

ಅದೇ 18ನೇ ಅಧ್ಯಾಯದ ಕೊನೆಗೆ ಒಂದು ಕಥೆ ಇದೆ. ಅದು ನನಗೇ ಚುಚ್ಚುವ ಕಥೆ, ಬಿಟ್ಟು ಹೋಗುವ ಹಾಗಿಲ್ಲ. ಒಬ್ಬ ಆಳು ರಾಜನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಿತ್ತು. ಒಂದು ತಲಾಂತು ಅಂದರೆ ಸುಮಾರು ಆರು ಸಾವಿರ ದಿನದ ಕೂಲಿ. ರಾಜ ಅಷ್ಟನ್ನೂ ಬಿಟ್ಟ. ಆ ಆಳು ಹೊರಗೆ ಬಂದು, ತನಗೆ ನೂರು ಬೆಳ್ಳಿ ನಾಣ್ಯ ಕೊಡಬೇಕಿದ್ದವನ ಕುತ್ತಿಗೆ ಹಿಡಿದ. ಒಂದು ನಾಣ್ಯ ಒಂದು ದಿನದ ಕೂಲಿ. ನೂರು ದಿನದ ಕೂಲಿ ಸುಮ್ನೆ ಬಿಡುವ ಮೊತ್ತ ಅಲ್ಲ, ಕೂಲಿ ಮಾಡುವವರನ್ನು ಕೇಳಿ ನೋಡಿ. ಯೇಸುಸ್ವಾಮಿ ಅದನ್ನು ಸೊನ್ನೆ ಅನ್ನಲಿಲ್ಲ, ಕಥೆಯಲ್ಲಿ ಲೆಕ್ಕ ಇಟ್ಟಿದ್ದಾರೆ. ನನ್ನ ಮೂವತ್ತೆರಡು ಗ್ರಾಮಿಗೂ ಅವರ ಹತ್ತಿರ ಲೆಕ್ಕ ಇದೆ ಅಂತ ನಂಬಿದ್ದೇನೆ. ಆದರೆ ಕುತ್ತಿಗೆ ಹಿಡಿಯುವ ಹಾಗಿಲ್ಲ. ಅದಕ್ಕೇ ನಾನು ಪೊಲೀಸರ ಹತ್ತಿರ ಹೋಗಲಿಲ್ಲ. ನೆಂಟರ ಮನೆಗಳಲ್ಲಿ ಅವನ ಕಥೆ ಹೇಳುವುದನ್ನು ನಿಲ್ಲಿಸಿದೆ. ಅವನ ಮಗನಿಗೆ ಡೆಂಗಿ ಬಂದಾಗ ಎರಡು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ನಾನೇ ಕೂತಿದ್ದೆ. ಜಪಸರ ಹೇಳುವಾಗ ಅವನ ಹೆಸರು ಬಿಡುವುದಿಲ್ಲ. ಮೊದಮೊದಲು ಹೆಸರು ಹೇಳುವಾಗ ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ಈಗ ಹಾಗಿಲ್ಲ.

ಹೋದ ವಾರ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ತಮ್ಮ ಬಂದ. ಸ್ಟೂಲಿನ ಮೇಲೆ ಕೂತ. ನೆಲದ ಮೇಲೆ ಬಿದ್ದಿದ್ದ ನೂಲಿನ ತುಂಡುಗಳನ್ನು ಚಪ್ಪಲಿಯ ತುದಿಯಲ್ಲಿ ಒಂದು ಕಡೆ ಗುಡ್ಡೆ ಮಾಡುತ್ತಿದ್ದ. ಬಹಳ ಹೊತ್ತಾದ ಮೇಲೆ ಕೇಳಿದ.

"ಅಕ್ಕ, ಅಮ್ಮನ ಸರ ಎಷ್ಟು ಗ್ರಾಂ ಇತ್ತು?"

ನಾಲ್ಕು ವರ್ಷದಲ್ಲಿ ಆ ಸರದ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಮೂವತ್ತೆರಡು ಅಂದೆ. ಅವನು ತಲೆ ಆಡಿಸಿದ. ಶೆಟರ್ ಅರ್ಧ ಇಳಿಸಿ, ಪಕ್ಕದ ಹೋಟೆಲಿನ ಹುಡುಗನಿಗೆ ಎರಡು ಟೀ ತರಲು ಹೇಳಿದೆ.