ಕೆಲಸ ಸಿಗೋತನಕ ಅಲ್ಲಿ ದಿನಾ ಏನ್ ಮಾಡ್ತಿದ್ರಿ?

ರಾಣೆಬೆನ್ನೂರಿಗೆ ಹೋದಾಗಲೆಲ್ಲ ಡಿಗ್ರಿ ಮುಗಿಸಿದ ಹುಡುಗಿಯರು ಒಬ್ಬಿಬ್ಬರಾದರೂ ನನ್ನನ್ನು ನೋಡಲು ಮನೆಗೆ ಬರುತ್ತಾರೆ. ಸಂಬಳ ಕೇಳುತ್ತಾರೆ, ಪಿಜಿ ಬಾಡಿಗೆ ಕೇಳುತ್ತಾರೆ. ಚಹಾ ಕುಡಿದು, ಎದ್ದು, ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿರುವಾಗ ನಿಜವಾಗಿ ಕೇಳಬೇಕೆಂದು ಬಂದಿದ್ದನ್ನು ಕೇಳುತ್ತಾರೆ: “ಅಕ್ಕಾ, ಕೆಲಸ ಸಿಗೋತನಕ ಅಲ್ಲಿ ದಿನಾ ಏನ್ ಮಾಡ್ತಿದ್ರಿ?”

ಬಾಗಿಲಲ್ಲಿ ನಿಂತು ಹೇಳುವ ಉತ್ತರ ಇದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

2023ರ ಜುಲೈ 9, ಭಾನುವಾರ ರಾತ್ರಿ ಊರು ಬಿಟ್ಟು ಬೆಂಗಳೂರಿಗೆ ಹೊರಟೆ. ಅಕ್ಟೋಬರ್ 25ಕ್ಕೆ ಕೆಲಸಕ್ಕೆ ಸೇರಿದೆ. ಎಣಿಸಿದರೆ ಸರಿಯಾಗಿ 108 ದಿನ, ಅಷ್ಟೋತ್ತರವೇ ಆಯಿತು. ಅಷ್ಟು ದಿನವೂ ನಾನು ಕೆಲಸ ಹುಡುಕಿದೆ ಅಂತ ಮನೆಯವರು ತಿಳಿದಿದ್ದಾರೆ. ಹುಡುಕುವ ಕೆಲಸ ದಿನಕ್ಕೆ ಎರಡು ತಾಸು, ಎಳೆದರೆ ಮೂರು. ಬೆಳಿಗ್ಗೆ ನೌಕ್ರಿ ಆಪ್ ತೆರೆದು ರೆಸ್ಯೂಮೆಯಲ್ಲಿ ಒಂದು ಪದ ತಿದ್ದಿ ಸೇವ್ ಮಾಡುವುದು (ಹಾಗೆ ಮಾಡಿದರೆ ನಮ್ಮ ಹೆಸರು ಮೇಲೆ ಬರುತ್ತದೆ ಅಂತ ರೂಮಿನ ಹುಡುಗಿ ಹೇಳಿದ್ದಳು), ಹೊಸದಾಗಿ ಬಂದ ಕಡೆಗೆಲ್ಲ ಅರ್ಜಿ ಒತ್ತುವುದು, ನಾಲ್ಕು ನಂಬರಿಗೆ ಫೋನ್ ಮಾಡುವುದು. ಹನ್ನೊಂದು ಗಂಟೆಗೆಲ್ಲ ಮುಗಿಯಿತು. ಆಮೇಲೆ ರಾತ್ರಿ ಊಟದವರೆಗಿನ ಹೊತ್ತನ್ನು ದಾಟಿಸುವುದಿದೆಯಲ್ಲ, ಅದು ದೊಡ್ಡ ಕೆಲಸ.

ಪಿಜಿಯಲ್ಲಿ ಹಗಲು ಇರುವ ಹಾಗಿಲ್ಲ. ಇರಬಾರದು ಅಂತ ಯಾರೂ ಹೇಳಿರಲಿಲ್ಲ. ಆದರೆ ಹತ್ತು ಗಂಟೆಗೆ ಕಸ ಹೊಡೆಯಲು ಬರುತ್ತಿದ್ದ ಆಂಟಿ “ಇವತ್ತೂ ರಜಾನಾ?” ಅನ್ನುತ್ತಿದ್ದರು. ಕೆಟ್ಟ ಮನಸ್ಸಿಂದಲ್ಲ. ಆದರೂ ಮೂರನೇ ಸಲ ಕೇಳಿದ ಮೇಲೆ ನಾನೂ ಉಳಿದವರ ಜೊತೆ ಎಂಟೂವರೆಗೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಚೂಡಿದಾರ ಹಾಕಿ, ಬ್ಯಾಗ್ ಹೆಗಲಿಗೇರಿಸಿ ಹೊರಬೀಳಲು ಶುರು ಮಾಡಿದೆ. ಎಲ್ಲರೂ ಅತ್ತಿಗುಪ್ಪೆ ಮೆಟ್ರೋ ಕಡೆ ತಿರುಗಿದರೆ ನಾನು ಹಂಪಿನಗರದ ಗ್ರಂಥಾಲಯದ ಕಡೆ.

ಆ ಗ್ರಂಥಾಲಯ ಇಲ್ಲದಿದ್ದರೆ ಒಂದೇ ತಿಂಗಳಿಗೆ ವಾಪಸು ರೈಲು ಹತ್ತುತ್ತಿದ್ದೆ. ಬೆಂಗಳೂರಿಗೆ ಬರುವವರಿಗೆ ನನ್ನ ಮೊದಲ ಸಲಹೆ ಅದೇ: ಪಿಜಿ ನೋಡುವ ಮೊದಲು ಹತ್ತಿರದಲ್ಲಿ ಸರ್ಕಾರಿ ಗ್ರಂಥಾಲಯ ಇದೆಯಾ ನೋಡಿ. ಫ್ಯಾನು, ಕುರ್ಚಿ, ಕುಡಿಯುವ ನೀರು ಎಲ್ಲ ಬಿಟ್ಟಿ. ಮುಖ್ಯವಾಗಿ, ಅಲ್ಲಿ ಕೂತವರನ್ನು ನೀವೇನು ಮಾಡುತ್ತಿದ್ದೀರಿ ಅಂತ ಯಾರೂ ಕೇಳುವುದಿಲ್ಲ. ವಿಜಯನಗರ, ಹಂಪಿನಗರ, ಚಂದ್ರಾ ಲೇಔಟಿನ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಸೆಂಟರುಗಳೇ ತುಂಬಿವೆ, ಹಾಗಾಗಿ ಮೇಜಿನ ತುಂಬ ಕೆಎಎಸ್, ಎಫ್‌ಡಿಎ, ಪಿಎಸ್‌ಐ ಪುಸ್ತಕಗಳು. ನನ್ನ ಪಕ್ಕದ ಕುರ್ಚಿಯವಳು 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಬರೆದವಳು. ಅಕ್ರಮ ಹೊರಬಿದ್ದು 2022ರಲ್ಲಿ ಸರ್ಕಾರ ಆ ಪರೀಕ್ಷೆಯನ್ನೇ ರದ್ದು ಮಾಡಿತ್ತಲ್ಲ, ಮರುಪರೀಕ್ಷೆಗೆ ಕಾಯುತ್ತ ಓದಿದ್ದನ್ನೇ ಮತ್ತೆ ಓದುತ್ತಿದ್ದಳು. ಅವಳ ಸಂವಿಧಾನದ ಪುಸ್ತಕದಲ್ಲಿ ಅಡಿಗೆರೆ ಎಳೆಯದ ಸಾಲೇ ಉಳಿದಿರಲಿಲ್ಲ. ಅವಳನ್ನು ನೋಡಿದ ಮೇಲೆ ನನ್ನ ಎರಡು ತಿಂಗಳ ಗೋಳು ಹೇಳಿಕೊಳ್ಳಲು ಬಾಯಿ ಬರಲಿಲ್ಲ.

ಸೋಮವಾರ ಗ್ರಂಥಾಲಯಕ್ಕೆ ರಜೆ. ಇಡೀ ಊರು ಕೆಲಸಕ್ಕೆ ಓಡುವ ದಿನವೇ ನನಗೆ ಕೂರಲು ಜಾಗವಿಲ್ಲ. ಆಗ ಕೈಹಿಡಿದಿದ್ದು ಬಿಎಂಟಿಸಿ. ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾಗಿದ್ದು ಆ ವರ್ಷ ಜೂನ್ 11ಕ್ಕೆ, ನಾನು ಬಂದಿದ್ದು ತಿಂಗಳ ನಂತರ. ಆಧಾರ್ ತೋರಿಸಿ, ಶೂನ್ಯ ದರದ ಟಿಕೆಟ್ ಇಸಿದುಕೊಂಡು, ಕಿಟಕಿ ಪಕ್ಕ ಕೂತು ಕೊನೇ ಸ್ಟಾಪಿನವರೆಗೂ ಹೋಗುತ್ತಿದ್ದೆ. ಒಂದು ಸೋಮವಾರ ಹೆಬ್ಬಾಳದಲ್ಲಿ 500ಡಿ ಹತ್ತಿ ಸಿಲ್ಕ್ ಬೋರ್ಡಿನಲ್ಲಿ ಇಳಿದು, ಅದೇ ನಂಬರಿನ ಬಸ್ಸಿನಲ್ಲಿ ವಾಪಸು ಬಂದೆ. ಹೊರ ವರ್ತುಲ ರಸ್ತೆಯ ಟ್ರಾಫಿಕ್ಕನ್ನು ಬೆಂಗಳೂರಿನವರೆಲ್ಲ ಬೈಯುತ್ತಾರೆ. ಅವತ್ತು ನನಗದು ಮುಗಿಯದಿದ್ದರೆ ಸಾಕಾಗಿತ್ತು.

ಮಧ್ಯಾಹ್ನದ ಊಟ ಪಿಜಿಯಲ್ಲಿ ಇರಲಿಲ್ಲ. ಊರಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇಪ್ಪತ್ತು ದಿನ ಬಂತು, ಅದೂ ರೂಮಿನ ಇಬ್ಬರಿಗೆ ರುಚಿ ಹತ್ತದಿದ್ದರೆ ಇನ್ನೂ ಹತ್ತು ದಿನ ಬರುತ್ತಿತ್ತು. ಆಮೇಲೆ ಇಂದಿರಾ ಕ್ಯಾಂಟೀನು. ತಿಂಡಿಗೆ 5, ಊಟಕ್ಕೆ 10 ರೂಪಾಯಿ. ಮೊದಲ ದಿನ ದುಪಟ್ಟಾವನ್ನು ಮುಖದವರೆಗೆ ಎಳೆದುಕೊಂಡು ಸಾಲಿನಲ್ಲಿ ನಿಂತಿದ್ದೆ, ಇಲ್ಲಿ ನನ್ನ ಗುರುತಿನವರು ಯಾರೂ ಇಲ್ಲ ಅನ್ನುವುದನ್ನೂ ಮರೆತು. ನನ್ನ ಮುಂದೆ ನಿಂತವನ ಕೊರಳಲ್ಲಿ ಕಂಪನಿಯ ಐಡಿ ಕಾರ್ಡು ನೇತಾಡುತ್ತಿತ್ತು. ತಟ್ಟೆ ಹಿಡಿದು ನಿಂತೇ ಉಂಡು ಹೋದ. ಮರುದಿನದಿಂದ ನಾನೂ ದುಪಟ್ಟಾ ಹೆಗಲ ಮೇಲೇ ಬಿಟ್ಟೆ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಕೇಳುವವರು ಹೇಗೂ ಕೇಳುತ್ತೀರಿ. ತಂದಿದ್ದು 40,000. ಮೂವರ ಷೇರಿಂಗಿನ ಪಿಜಿ ತಿಂಗಳಿಗೆ 6,500, ಮೇಲೆ 3,000 ಅಡ್ವಾನ್ಸ್. ನಾಲ್ಕು ತಿಂಗಳಿಗೆ 29,000 ಅಲ್ಲೇ ಹೋಯಿತು. 1,500 ರೂಪಾಯಿಯನ್ನು ಮೆಜೆಸ್ಟಿಕ್ ಹತ್ತಿರದ ಒಂದು ಕನ್ಸಲ್ಟೆನ್ಸಿಗೆ ನೋಂದಣಿ ಶುಲ್ಕ ಅಂತ ಕೊಟ್ಟೆ. ಅವರು ಕೊಟ್ಟ ವಿಳಾಸಕ್ಕೆ ಹೋದರೆ ಅಲ್ಲಿ ಯಾರನ್ನೂ ಕರೆದೇ ಇರಲಿಲ್ಲ. ವಾಪಸು ಬಂದು ಕೇಳಿದರೆ “ಮೇಡಂ, ನಾವು ವಿಳಾಸ ಕೊಡ್ತೀವಿ ಅಂತ ಹೇಳಿದ್ದು, ಕೆಲಸ ಕೊಡ್ತೀವಿ ಅಂತಲ್ಲ” ಅಂದರು. ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ, ಆ ವಾರ ಒಂದೂ ಫೋನು ಬಂದಿರಲಿಲ್ಲ. ಕೆಲಸ ಸಿಗದ ಪದವೀಧರರಿಗೆ ಸರ್ಕಾರ ಭತ್ಯೆ ಕೊಡುವ ಯುವನಿಧಿ ಆಗಿನ್ನೂ ಬಂದಿರಲಿಲ್ಲ. ಬಂದಿದ್ದರೂ ಅದು 2022-23ರಲ್ಲಿ ಪಾಸಾದವರಿಂದ ಶುರು, ನಾನು ಬಿಕಾಂ ಮುಗಿಸಿದ್ದು 2021ರಲ್ಲಿ.

ಫೋನು ಯಾಕೆ ಬರುತ್ತಿರಲಿಲ್ಲ ಅನ್ನುವುದು ಈಗ ಗೊತ್ತು. ನಾನು ಹುಡುಕುತ್ತಿದ್ದುದು ಅಕೌಂಟ್ಸ್ ಕೆಲಸ. ಅಲ್ಲಿ ತಿಂಗಳ 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ 3ಬಿ ಸಲ್ಲಿಸಲು ಕೊನೇ ದಿನ. ಜುಲೈ 31ಕ್ಕೆ ಐಟಿ ರಿಟರ್ನು, ಸೆಪ್ಟೆಂಬರ್ 30ಕ್ಕೆ ಟ್ಯಾಕ್ಸ್ ಆಡಿಟ್ ವರದಿ. ಜುಲೈಯಿಂದ ಸೆಪ್ಟೆಂಬರ್ ಮುಗಿಯುವವರೆಗೆ ಆಡಿಟರ್ ಆಫೀಸಿನಲ್ಲಿ ತಲೆ ಎತ್ತಲೂ ಪುರುಸೊತ್ತಿಲ್ಲ. ಜನ ಬೇಕು, ಆದರೆ ಜನರನ್ನು ಕೂರಿಸಿ ಮಾತಾಡಿಸಲು ಜನ ಇಲ್ಲ. ಬಿಕಾಂ ಹುಡುಗಿಯರೇ, ನೀವು ಮಾರ್ಚಿಗೆ ಮೊದಲೇ ಬನ್ನಿ, ಇಲ್ಲವೇ ದಸರಾಕ್ಕೆ ಬನ್ನಿ. ಫೋನನ್ನು 20ನೇ ತಾರೀಖಿನ ನಂತರ ಮಾಡಿ.

ಒಟ್ಟು ಒಂಬತ್ತು ಇಂಟರ್‌ವ್ಯೂ. ಹೆಚ್ಚಿನವು ನೆನಪಿಡುವಂಥವಲ್ಲ. ಬೊಮ್ಮಸಂದ್ರದ್ದು ಮಾತ್ರ ಮರೆಯುವುದಿಲ್ಲ. ಆಗ ಅಲ್ಲಿಗೆ ಮೆಟ್ರೋ ಇರಲಿಲ್ಲ, ಎರಡು ಬಸ್ಸು ಬದಲಿಸಿ ಎರಡೂವರೆ ತಾಸು. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ತೆರೆದು ಕೂರಿಸಿ ಒಂದು ಸೇಲ್ಸ್ ಬಿಲ್ ಕೊಟ್ಟರು, ಎಂಟ್ರಿ ಹಾಕಿ ಅಂದರು. ಗಿರಾಕಿಯ ಊರು ಹೊಸೂರು. ಅಲ್ಲಿಂದ ಅರ್ಧ ತಾಸಿನ ದಾರಿ, ಬರುವಾಗ ಬಸ್ಸಿನ ಬೋರ್ಡಿನಲ್ಲೂ ಆ ಹೆಸರು ನೋಡಿದ್ದೆ. ಕೈ ತಾನಾಗಿಯೇ ತೆರಿಗೆಯನ್ನು, ರಾಜ್ಯದೊಳಗಿನ ಮಾರಾಟಕ್ಕೆ ಹಾಕುವ ಹಾಗೆ, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಒಡೆದು ಹಾಕಿತು. ಎದುರಿಗಿದ್ದವರು ಬಿಲ್ಲಿನ ಮೇಲಿನ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿಯ ಮೇಲೆ ಪೆನ್ನು ಇಟ್ಟರು. 33, ಅದು ರಾಜ್ಯದ ಸಂಕೇತ. ಕರ್ನಾಟಕದ್ದು 29. ಹೊಸೂರು ಎಷ್ಟೇ ಹತ್ತಿರ ಇರಲಿ, ತಮಿಳುನಾಡು, ಹೊರರಾಜ್ಯದ ಮಾರಾಟಕ್ಕೆ ಹಾಕುವ ಐಜಿಎಸ್‌ಟಿ ಆಗಬೇಕಿತ್ತು. “ಪರವಾಗಿಲ್ಲಮ್ಮ, ಹೇಳಿ ಕಳಿಸ್ತೀವಿ” ಅಂದರು. ಹೇಳಿ ಕಳಿಸುವುದೆಂದರೆ ಏನು ಅಂತ ಅಷ್ಟರಲ್ಲಿ ಕಲಿತಿದ್ದೆ. ವಾಪಸು ಬರುವ ಬಸ್ಸಿನಲ್ಲಿ ಹಾದುಹೋಗುವ ಲಾರಿಗಳ ಮೇಲಿನ ಕೆಎ, ಟಿಎನ್ ನೋಡುತ್ತ, ಇದು 29, ಇದು 33 ಅಂದುಕೊಳ್ಳುತ್ತ ಬಂದೆ. ಇವತ್ತಿಗೂ ಬಿಲ್ಲು ಕೈಗೆ ಬಂದರೆ ಮೊದಲು ನೋಡುವುದು ಆ ಎರಡು ಅಂಕಿಯನ್ನೇ.

ಒಂಬತ್ತನೆಯದು ರಾಜಾಜಿನಗರದ ಒಬ್ಬ ಆಡಿಟರ ಆಫೀಸು. ಹಿಂದೆ ಎಲ್ಲಿ ಕೆಲಸ ಅಂತ ಕೇಳಿದರು. ರೆಸ್ಯೂಮೆಯಲ್ಲಿ ಬರೀ ‘ಅಕೌಂಟ್ಸ್ ಅಸಿಸ್ಟೆಂಟ್’ ಅಂತ ಹಾಕಿದ್ದೆ. ಊರಿನ ಬೀಜ-ಗೊಬ್ಬರದ ಅಂಗಡಿ ಅನ್ನಲು ಎಂಟು ಕಡೆ ನಾಚಿಕೆಪಟ್ಟಿದ್ದೆ. ಇಲ್ಲಿ ಸುಸ್ತಾಗಿತ್ತೋ ಏನೋ, ಇದ್ದಿದ್ದನ್ನು ಇದ್ದ ಹಾಗೆ ಹೇಳಿದೆ. ಒಂದೇ ಬಿಲ್ಲಿನಲ್ಲಿ ಬಿತ್ತನೆ ಬೀಜಕ್ಕೆ ತೆರಿಗೆ ಇಲ್ಲ, ಗೊಬ್ಬರಕ್ಕೆ ಶೇ. 5, ಕೀಟನಾಶಕಕ್ಕೆ ಶೇ. 18. ಮುಂಗಾರು ಬಿತ್ತನೆ ಹೊತ್ತಿಗೆ ಅಂಗಡಿ ಮುಂದೆ ಜನ ಮುಗಿಬಿದ್ದಿರುತ್ತಾರೆ. ಅರ್ಧ ಜನ ಉದ್ರಿ, ಸುಗ್ಗಿಯಾದ ಮೇಲೆ ಕೊಡುತ್ತಾರೆ, ಅದಕ್ಕೆ ಬೇರೆ ಪುಸ್ತಕ. ಆಡಿಟರು ಕನ್ನಡಕ ತೆಗೆದು, “ಉದ್ರಿ ಪುಸ್ತಕಕ್ಕೂ ಟ್ಯಾಲಿಗೂ ತಾಳೆ ನೋಡ್ತಿದ್ದವರು ಯಾರು?” ಅಂದರು. ನಾನೇ ಅಂದೆ. “ಆಯುಧ ಪೂಜೆ ಮುಗಿಸ್ಕೊಂಡು ಬನ್ನಿ. 16,000.” ಅಷ್ಟೇ.

ಇದೆಲ್ಲದರ ನಡುವೆ ಅವ್ವ ದಿನಾ ರಾತ್ರಿ ಫೋನ್ ಮಾಡಿ “ಊಟ ಆತಾ?” ಅಂತ ಕೇಳುತ್ತಿದ್ದಳು, ಕೆಲಸದ ಮಾತು ಎತ್ತುತ್ತಿರಲಿಲ್ಲ. ಅಪ್ಪ ಫೋನಿಗೇ ಬರುತ್ತಿರಲಿಲ್ಲ. ಹೊರಟ ದಿನ ನನ್ನ ಮೊಬೈಲಿಗೆ 84 ದಿನದ ಪ್ಯಾಕ್ ಹಾಕಿಸಿದ್ದ. ಅಷ್ಟರೊಳಗೆ ಆಗಬೇಕು ಅಂತ ಅರ್ಥವೇನೋ ಎಂದು ಹೆದರಿ ದಿನ ಎಣಿಸುತ್ತಿದ್ದೆ. ಸೆಪ್ಟೆಂಬರ್ ಕೊನೆಗೆ ಪ್ಯಾಕ್ ಮುಗಿಯುವ ಹಿಂದಿನ ಸಂಜೆ ಮೆಸೇಜು ಬಂತು: ಇನ್ನೂ 84 ದಿನ. ಅಪ್ಪ ಅದರ ಬಗ್ಗೆ ಆಗಲೂ ಮಾತಾಡಲಿಲ್ಲ.

ದೀಪಾವಳಿಗೆ ಊರಿಗೆ ಹೊರಡುವ ಹೊತ್ತಿಗೆ ಅಕ್ಟೋಬರಿನ ಏಳು ದಿನದ ಸಂಬಳ ಬಂದಿತ್ತು, 3,613 ರೂಪಾಯಿ. ಮೆಜೆಸ್ಟಿಕ್ಕಿನಲ್ಲಿ ರೈಲಿಗೆ ಕಾಯುತ್ತ ಅಪ್ಪನ ನಂಬರಿಗೆ 84 ದಿನದ ಪ್ಯಾಕ್ ಹಾಕಿದೆ. ಐದೇ ನಿಮಿಷಕ್ಕೆ ಅವನ ಫೋನು ಬಂತು, ನಾನು ಬೆಂಗಳೂರಿಗೆ ಬಂದ ಮೇಲೆ ಮೊದಲ ಸಲ.

“ನಂದಿನ್ನೂ ಹನ್ನೊಂದ ದಿನ ಇತ್ತಲಾ, ಈಗ್ಯಾಕ ಹಾಕ್ಸಿದಿ?”